ಒಂದು ಚಾಕು, ಎರಡು ಕಾಲ: ಕೊಡಗಿನ ಮನೆಯೊಂದರಲ್ಲಿ ಉಳಿದ ಶೆಫೀಲ್ಡ್ ಕಿಸೆಚಾಕಿನ ಕಾಲನಿರ್ಣಯ

ಮಡಿಕೇರಿ ಸೀಮೆಯ ಕಾಫಿ ಬೆಳೆಗಾರರ ಕುಟುಂಬವೊಂದು ತಮ್ಮ ಮನೆಯಲ್ಲಿ ತಲೆಮಾರುಗಳಿಂದ ಉಳಿದು ಬಂದ ಮಡಚುವ ಚಾಕೊಂದನ್ನು ನನ್ನ ಮುಂದಿಟ್ಟು, ಇದು ಯಾವ ಕಾಲದ್ದೆಂದು ಹೇಳಬೇಕೆಂದು ಕೇಳಿತು. ಚಾಕಿನ ಜೊತೆಗೇ ಎರಡು ಇಸವಿಗಳೂ ಬಂದವು. ಮನೆಯ ಹಿರಿಯರ ಮಾತಿನಂತೆ ಅದು 1857ರದ್ದು: ಸಿಪಾಯಿ ದಂಗೆಯ ವರ್ಷ ಬಿಳಿಯ ತೋಟದ ದೊರೆಯೊಬ್ಬ ತನ್ನ ಮೇಸ್ತ್ರಿಯಾಗಿದ್ದ ಅವರ ಪೂರ್ವಿಕನಿಗೆ ಮೆಚ್ಚಿ ಕೊಟ್ಟದ್ದು. ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು ಅದನ್ನು ನೋಡಿ 1682ರದ್ದೆಂದು ಹೇಳಿದ್ದರಂತೆ. ಎರಡು ಇಸವಿಗಳ ನಡುವೆ 175 ವರ್ಷಗಳ ಅಂತರ. ಎರಡಕ್ಕೂ ಹಿನ್ನೆಲೆಯಲ್ಲಿ ಒಂದೊಂದು ಕಾರಣವಿತ್ತು. ಒಂದು ಕಾರಣ ಪೂರ್ತಿ ಬಿದ್ದುಹೋಯಿತು, ಇನ್ನೊಂದು ಇಂದಿಗೂ ತೂಗಾಡುತ್ತಿದೆ. ಆದರೆ ಈ ಪ್ರಕರಣವನ್ನು ವಿವರವಾಗಿ ಬರೆಯಲು ಮುಖ್ಯ ಪ್ರೇರಣೆ ಬೇರೆ. ಹಳೆಯ ಇಂಗ್ಲಿಷ್ ಚಾಕುಗಳ ಕಾಲ ಹೇಳುವಾಗ ಎಲ್ಲರೂ ಕಣ್ಣುಮುಚ್ಚಿ ಬಳಸುವ ಒಂದು ಸೂತ್ರವಿದೆ. ಅದು ಅಮೆರಿಕದ ಸಂಗ್ರಾಹಕರು ತಮ್ಮ ದೇಶದ ಕಾನೂನನ್ನು ನೋಡಿ ಕಟ್ಟಿಕೊಂಡದ್ದು. ಭಾರತಕ್ಕೆ ಬಂದ ಚಾಕಿಗೆ ಅದನ್ನು ಹಾಗೆಯೇ ಹಚ್ಚಬಾರದು ಎಂಬುದು ಈ ಒಂದೇ ಚಾಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ವಸ್ತುವನ್ನು ನೋಡೋಣ. ಮಡಚಿದಾಗ ಅಂಗೈಯಲ್ಲಿ ಹಿಡಿಯುವಷ್ಟು ಉದ್ದ. ಎರಡು ತುದಿಗಳಲ್ಲಿ ಒಂದೊಂದು ಅಲಗು, ಒಂದು ದೊಡ್ಡದು, ಇನ್ನೊಂದು ಲೇಖನಿ ಹೆರೆಯುವಷ್ಟು ಚಿಕ್ಕದು. ಬೆನ್ನಿನಲ್ಲಿ ಎರಡಕ್ಕೂ ಸೇರಿ ಒಂದೇ ಉಕ್ಕಿನ ಸ್ಪ್ರಿಂಗ್. ಒಳಗೋಡೆಗಳು ಹಿತ್ತಾಳೆಯವು, ತುದಿಯ ಕವಚಗಳು ಬೆಳ್ಳಿಯಂತೆ ಕಾಣುವ ಆದರೆ ಬೆಳ್ಳಿಯಲ್ಲದ ಲೋಹದವು. ಹಿಡಿಯ ಎರಡೂ ಬದಿಗೆ ಒರಟು ತೊಗಟೆಯ ಕೊಂಬಿನ ಹಲ್ಲೆಗಳು, ಅಂದರೆ ಹೊದಿಕೆಯ ಚಪ್ಪಟೆ ತುಂಡುಗಳು. ಒಂದು ಬದಿಯಲ್ಲಿ ಅಂಡಾಕಾರದ ಪುಟ್ಟ ಲೋಹದ ಫಲಕ. ಅದರ ಮೇಲೆ ಹೆಸರೂ ಇಲ್ಲ, ಇಸವಿಯೂ ಇಲ್ಲ. ದೊಡ್ಡ ಅಲಗು ಸಾಣೆ ಹಿಡಿದು ಹಿಡಿದು ಸವೆದು ಕಿರಿದಾಗಿದೆ. ಚಿಕ್ಕ ಅಲಗು ಮಾತ್ರ ಹೆಚ್ಚುಕಡಿಮೆ ಪೂರ್ಣವಾಗಿದೆ. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬುಡದ ಮುದ್ರೆ

ಮಡಚುವ ಚಾಕಿನ ವಂಶಾವಳಿ ಇರುವುದು ಅಲಗಿನ ಬುಡದಲ್ಲಿ. ಅಲಗಿನ ಹರಿತಗೊಳಿಸದ, ಹಿಡಿಯೊಳಗೆ ಮೊಳೆಯ ಸುತ್ತ ತಿರುಗುವ ಚಪ್ಪಟೆ ಭಾಗವದು. ತಯಾರಕರು ತಮ್ಮ ಮುದ್ರೆ ಒತ್ತುತ್ತಿದ್ದದ್ದು ಅಲ್ಲಿಯೇ. ಅಲಗನ್ನು ಸಾಣೆಗೆ ಕೊಟ್ಟರೂ ಬುಡಕ್ಕೆ ಕಲ್ಲು ತಾಗುವುದಿಲ್ಲವಾದ್ದರಿಂದ ಮುದ್ರೆ ಉಳಿಯುತ್ತದೆ. ತುಕ್ಕು ಮಾತ್ರ ಅದರ ಶತ್ರು, ಅದಕ್ಕಿಂತ ದೊಡ್ಡ ಶತ್ರು ತುಕ್ಕು ತೆಗೆಯುವ ಉತ್ಸಾಹ. ಉಪ್ಪುಕಾಗದ ಹಚ್ಚಿ ಉಜ್ಜಿದವನು ತುಕ್ಕಿನ ಜೊತೆಗೆ ಅಕ್ಷರಗಳನ್ನೂ ಅಳಿಸುತ್ತಾನೆ. ಈ ಮನೆಯವರು ಹಾಗೆ ಮಾಡಿರಲಿಲ್ಲ, ಅದು ದೊಡ್ಡ ಪುಣ್ಯ.

ಓದುವ ಕ್ರಮ ಸರಳ. ಒಂದು ಹನಿ ಯಂತ್ರದ ಎಣ್ಣೆ ಬಿಟ್ಟು, ಒಂದಿಡೀ ರಾತ್ರಿ ನೆನೆಯಲು ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಆಮೇಲೆ ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಲೋಹದ ಮೈಗೆ ಸಮನಾಗಿ, ಓರೆಯಾಗಿ ಹಿಡಿಯಬೇಕು. ನೇರವಾಗಿ ಬೆಳಕು ಬಿಟ್ಟರೆ ಕಾಣದ ಅಕ್ಷರಗಳು ಓರೆಬೆಳಕಿನಲ್ಲಿ ತಮ್ಮದೇ ನೆರಳು ಬಿಟ್ಟು ಎದ್ದು ನಿಲ್ಲುತ್ತವೆ. ಬೆಳಕನ್ನು ನಾಲ್ಕೂ ದಿಕ್ಕಿನಿಂದ ತಿರುಗಿಸಿ ಚಿತ್ರ ತೆಗೆದು ಹೋಲಿಸಿದರೆ, ಒಂದು ಚಿತ್ರದಲ್ಲಿ ಮಸುಕಾದ ಅಕ್ಷರ ಇನ್ನೊಂದರಲ್ಲಿ ಸಿಗುತ್ತದೆ.

ದೊಡ್ಡ ಅಲಗಿನ ಬುಡದಲ್ಲಿ ಸಿಕ್ಕದ್ದು ಇಷ್ಟು: ಮೇಲೆ ವಿ ಮತ್ತು ಆರ್ ಅಕ್ಷರಗಳು (ವಿಕ್ಟೋರಿಯಾ ರೆಜಿನಾ, ಅಂದರೆ ವಿಕ್ಟೋರಿಯಾ ರಾಣಿ), ಅವುಗಳ ನಡುವೆ ಕಿರೀಟ, ಕೆಳಗೆ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಎಂಬ ಹೆಸರು, ಅದರ ಕೆಳಗೆ ಮಹಾರಾಣಿಯವರ ಚಾಕು ತಯಾರಕರು ಎಂಬರ್ಥದ ಇಂಗ್ಲಿಷ್ ಸಾಲು. ಹಿಮ್ಮೈಯಲ್ಲಿ ಒಂದು ನಕ್ಷತ್ರ, ಪಕ್ಕದಲ್ಲಿ ಮಾಲ್ಟಾ ಶಿಲುಬೆ. ಈ ಬುಡದಲ್ಲಿ ದೇಶದ ಹೆಸರು ಎಲ್ಲಿಯೂ ಇಲ್ಲ.

ನಕ್ಷತ್ರ ಮತ್ತು ಶಿಲುಬೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿದ್ದ ರಾಜರ್ಸ್ ಕಂಪನಿಯ ಗುರುತು. ಶೆಫೀಲ್ಡ್ ಪಟ್ಟಣ ಮಧ್ಯಯುಗದಿಂದಲೂ ಚಾಕು ಕತ್ತರಿಗಳ ಊರು. ಅಲ್ಲಿನ ಕಸುಬುದಾರರ ಸಂಘಕ್ಕೆ 1624ರಲ್ಲಿ ಇಂಗ್ಲೆಂಡಿನ ಸಂಸತ್ತು ಕಾಯ್ದೆಯ ಮೂಲಕ ಮಾನ್ಯತೆ ಕೊಟ್ಟಿತು. ಯಾರ ಮುದ್ರೆ ಯಾರದ್ದು ಎಂಬುದನ್ನು ದಾಖಲಿಸಿ ಕಾಯುವುದು ಆ ಸಂಘದ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ರಾಜರ್ಸ್ ಮನೆತನ 18ನೇ ಶತಮಾನದಲ್ಲಿ ಈ ಕಸುಬಿನಲ್ಲಿ ಬೇರೂರಿ, ನಾರ್ಫೋಕ್ ಬೀದಿಯ 6ನೇ ನಂಬರಿನ ವಿಳಾಸವೇ ಗುಣಮಟ್ಟದ ಖಾತರಿ ಎನ್ನುವಷ್ಟು ಹೆಸರು ಮಾಡಿತು. ಅದೇ ವಿಳಾಸವನ್ನು ಅವರು ಚಾಕುಗಳ ಮೇಲೂ ಒತ್ತುತ್ತಿದ್ದರು. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆಯಿಂದ ರಾಜಮಾನ್ಯತೆ ಬಂತು. ಅದೇ 1822ರಲ್ಲಿ ಆ ಇಸವಿಯ ಸಂಖ್ಯೆಯಷ್ಟೇ, ಅಂದರೆ 1822 ಅಲಗುಗಳಿರುವ ಪ್ರದರ್ಶನ ಚಾಕೊಂದನ್ನು ಅವರು ಮಾಡಿದರು. 1851ರ ಲಂಡನ್ ಮಹಾಪ್ರದರ್ಶನಕ್ಕೆ ಮಾಡಿದ 75 ಅಲಗುಗಳ ನಾರ್ಫೋಕ್ ಚಾಕು ಇಂದು ಶೆಫೀಲ್ಡಿನ ಕಸುಬುದಾರರ ಸಂಘದ ಭವನದಲ್ಲಿದೆ. ಬಳಸಲಾಗದ ಆ ಚಾಕುಗಳಿಗಿಂತ ಈ ಸವೆದ ಅಲಗೇ ನನಗೆ ಹೆಚ್ಚು ಇಷ್ಟ. ಆದರೆ ಅಂಥದ್ದನ್ನು ಮಾಡಿ ತೋರಿಸುವ ತಾಕತ್ತಿದ್ದ ಕಾರ್ಖಾನೆ ಇದು ಎಂಬುದು ತಿಳಿದಿರಲಿ.

1682 ಎಲ್ಲಿಂದ ಬಂತು ಎಂಬುದು ಇಲ್ಲಿಗೆ ಬಗೆಹರಿಯುತ್ತದೆ. ತಮ್ಮ ಕಸುಬಿನ ಮೂಲ 1682ಕ್ಕೆ ಹೋಗುತ್ತದೆ ಎಂದು ಕಂಪನಿಯೇ ಜಾಹೀರಾತು ಮಾಡಿಕೊಳ್ಳುತ್ತಿತ್ತು. ಅದು ಸಂಸ್ಥೆ ತನ್ನದೆಂದು ಹೇಳಿಕೊಂಡ ಹುಟ್ಟಿನ ವರ್ಷವೇ ಹೊರತು ಚಾಕಿನದ್ದಲ್ಲ. ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ಇದು ತೀರ ಸಾಮಾನ್ಯ: ಗಡಿಯಾರ, ಪಿಂಗಾಣಿ, ಪೆನ್ನು ಯಾವುದೇ ಇರಲಿ, ಸ್ಥಾಪನೆಯ ವರ್ಷವನ್ನು ತಯಾರಿಕೆಯ ವರ್ಷವೆಂದು ಹೇಳಿ ಬೆಲೆ ಏರಿಸುತ್ತಾರೆ. ಇಲ್ಲಂತೂ ವಿಕ್ಟೋರಿಯಾ ರಾಣಿಯ ಅಕ್ಷರಗಳೇ ಬುಡದ ಮೇಲಿರುವಾಗ ಅದಕ್ಕೆ ಎರಡನೇ ಮಾತೇ ಬೇಕಿಲ್ಲ.

ರಾಣಿಯ ಆಳ್ವಿಕೆ 1837ರ ಜೂನ್‌ನಿಂದ 1901ರ ಜನವರಿಯವರೆಗೆ. ರಾಜರ್ಸ್ ಕಂಪನಿ ಆಳುವವರ ಅಕ್ಷರಗಳನ್ನು ಕಾಲಕಾಲಕ್ಕೆ ಬದಲಿಸಿಕೊಂಡು ಒತ್ತುತ್ತಿತ್ತು. ಆದ್ದರಿಂದ ದೊಡ್ಡ ಅಲಗು 1837ಕ್ಕಿಂತ ಹಿಂದಿನದ್ದಾಗಲಾರದು. ಈ ಕಡೆಯ ಗಡಿ ಗಟ್ಟಿ. 1901ರ ಕಡೆಯ ಗಡಿ ಅಷ್ಟು ಗಟ್ಟಿಯಲ್ಲ ಎಂಬುದನ್ನು ಸಂಗ್ರಾಹಕರು ಒಪ್ಪಿಕೊಳ್ಳಬೇಕು. ರಾಣಿ ತೀರಿಕೊಂಡ ಮರುದಿನವೇ ಕಾರ್ಖಾನೆಯ ಪ್ರತಿಯೊಂದು ಮುದ್ರೆಯ ಅಚ್ಚನ್ನೂ ಎಸೆದು ಹೊಸದು ತಂದರೆಂದು ಯಾರೂ ಹೇಳಲಾರರು. ಒತ್ತಿಟ್ಟ ಅಲಗುಗಳೂ ದಾಸ್ತಾನಿನಲ್ಲಿ ಇದ್ದಿರಬಹುದು. ನಾನು ಇಂಥ ಕಡೆಗಳಲ್ಲಿ ಇಸವಿಯ ಹಿಂದೆ ‘ಸುಮಾರು’ ಎಂದು ಬರೆಯುತ್ತೇನೆ.

ಇಂಗ್ಲೆಂಡ್ ಎಂಬ ಹೆಸರಿಲ್ಲದ್ದು

ಅರುವತ್ತನಾಲ್ಕು ವರ್ಷಗಳ ಹರವು ಯಾರಿಗೂ ತೃಪ್ತಿ ಕೊಡುವುದಿಲ್ಲ. ಅದನ್ನು ಕಿರಿದು ಮಾಡಲು ಸಾಮಾನ್ಯವಾಗಿ ಎಲ್ಲರೂ ಹಿಡಿಯುವ ದಾರಿ ಹೀಗಿದೆ: ಮುದ್ರೆಯಲ್ಲಿ ಇಂಗ್ಲೆಂಡ್ ಎಂದಿದ್ದರೆ 1891ರ ನಂತರದ್ದು, ಇಲ್ಲದಿದ್ದರೆ 1891ಕ್ಕೆ ಮೊದಲಿನದ್ದು. ಈ ಚಾಕನ್ನು ಮೊದಲೇ ನೋಡಿದ್ದ ಒಬ್ಬ ಸಂಗ್ರಾಹಕರು ಇದೇ ಸೂತ್ರದಿಂದ 1891ಕ್ಕೆ ಹಿಂದಿನದ್ದು ಎಂದು ತೀರ್ಪು ಕೊಟ್ಟಿದ್ದರು.

ಸೂತ್ರದ ಮೂಲ ಅಮೆರಿಕದ 1890ರ ಸುಂಕ ಕಾಯ್ದೆ. ಮೆಕಿನ್ಲಿ ಸುಂಕ ಕಾಯ್ದೆ ಎಂದೇ ಅದು ಪ್ರಸಿದ್ಧ. ಅದರಂತೆ 1891ರ ಮಾರ್ಚ್ 1ರಿಂದ ಅಮೆರಿಕಕ್ಕೆ ಬರುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಲೇಬೇಕಾಯಿತು. ಶೆಫೀಲ್ಡಿನ ಕಾರ್ಖಾನೆಗಳಿಗೆ ಅಮೆರಿಕ ಬಲು ದೊಡ್ಡ ಮಾರುಕಟ್ಟೆಯಾಗಿದ್ದದ್ದರಿಂದ ಊರಿನ ಹೆಸರಿನ ಜೊತೆಗೆ ದೇಶದ ಹೆಸರನ್ನೂ ಒತ್ತುವ ರೂಢಿ ಅಲ್ಲಿಂದ ಬೆಳೆಯಿತು. ಅಮೆರಿಕದಲ್ಲೇ ಮಾರಾಟವಾಗಿ ಅಮೆರಿಕದಲ್ಲೇ ಸಿಕ್ಕ ಚಾಕಿಗೆ ಈ ಸೂತ್ರ ಸಾಕಷ್ಟು ಚೆನ್ನಾಗಿ ಹೊಂದುತ್ತದೆ.

ಭಾರತಕ್ಕೆ ಬಂದ ಚಾಕಿನ ಪರಿಸ್ಥಿತಿ ಬೇರೆ. ಇಲ್ಲಿ ಆಗ ಜಾರಿಯಲ್ಲಿದ್ದದ್ದು 1889ರ ಭಾರತೀಯ ಸರಕು ಗುರುತು ಕಾಯ್ದೆ. ಅದು ಬ್ರಿಟನ್ನಿನ 1887ರ ಕಾಯ್ದೆಯ ಜಾಡಿನಲ್ಲಿ ಬಂದದ್ದು. ಆ ಬ್ರಿಟಿಷ್ ಕಾಯ್ದೆಯ ಹಿಂದೆ ಶೆಫೀಲ್ಡಿನವರ ದೂರೇ ಮುಖ್ಯವಾಗಿತ್ತು: ಜರ್ಮನಿಯ ಅಗ್ಗದ ಚಾಕುಗಳ ಮೇಲೆ ತಮ್ಮ ಊರಿನ ಹೆಸರು ಒತ್ತಿ ಮಾರುತ್ತಿದ್ದಾರೆ ಎಂಬುದು. ಹಾಗಾಗಿ ಈ ಕಾಯ್ದೆಗಳ ಗುರಿ ಸುಳ್ಳು ಗುರುತು. ಪರದೇಶದ ಸರಕು ಇಂಗ್ಲಿಷ್ ಸರಕಿನಂತೆ ವೇಷ ಹಾಕಿದರೆ ಮೂಲದೇಶ ಹೇಳಬೇಕು. ನಿಜವಾಗಿಯೂ ಶೆಫೀಲ್ಡಿನಲ್ಲೇ ಆದ, ನಿಜವಾದ ತಯಾರಕನ ಹೆಸರಿರುವ ಚಾಕು ಯಾವ ವೇಷವನ್ನೂ ಹಾಕಿರಲಿಲ್ಲ. ಬೊಂಬಾಯಿಗೋ ಮದರಾಸಿಗೋ ಬರುವ ಪೆಟ್ಟಿಗೆಯಲ್ಲಿ ಅಂಥ ಚಾಕಿನ ಮೇಲೆ ಇಂಗ್ಲೆಂಡ್ ಎಂದು ಇರಲೇಬೇಕೆಂಬ ಒತ್ತಾಯ ಅಮೆರಿಕದಲ್ಲಿದ್ದಂತೆ ಇರಲಿಲ್ಲ.

ಇದರಿಂದ ಏನು ತಿಳಿಯಬೇಕು? ನಮ್ಮಲ್ಲಿ ಸಿಗುವ ಶೆಫೀಲ್ಡ್ ಚಾಕಿನ ಮೇಲೆ ಇಂಗ್ಲೆಂಡ್ ಎಂದು ಇದ್ದರೆ ಅದು ಒಳ್ಳೆಯ ಸಾಕ್ಷಿ: ಬಹುಮಟ್ಟಿಗೆ 1891ರ ಈಚೆಯದ್ದು. ಇಲ್ಲದಿದ್ದರೆ ಅದು ಸಾಕ್ಷಿಯೇ ಅಲ್ಲ. ಇರುವುದಕ್ಕೆ ಬೆಲೆ ಇದೆ, ಇಲ್ಲದಿರುವುದಕ್ಕೆ ಇಲ್ಲ. ಈ ಭೇದವನ್ನು ಗಮನಿಸದೆ ನಮ್ಮ ಮನೆಗಳ ಎಷ್ಟೋ ಚಾಕುಗಳಿಗೆ ‘1891ಕ್ಕೆ ಮೊದಲು’ ಎಂಬ ಚೀಟಿ ಅಂಟಿಸಿದ್ದಾರೆ. ಈ ಚಾಕಿನ ದೊಡ್ಡ ಅಲಗಿಗೆ ಹಾಗೆ ಚೀಟಿ ಅಂಟಿಸಲು ನಾನು ಒಪ್ಪಲಿಲ್ಲ. ಅದು 1860ರದ್ದೂ ಆಗಿರಬಹುದು, 1898ರದ್ದೂ ಆಗಿರಬಹುದು.

ಚಿಕ್ಕ ಅಲಗು ಹೇಳಿದ ಬೇರೆ ಕಥೆ

ಬಹಳ ಜನ ದೊಡ್ಡ ಅಲಗಿನ ಮುದ್ರೆ ಓದಿ ಚಾಕು ಮಡಚಿಡುತ್ತಾರೆ. ಇಲ್ಲಿ ಹಾಗೆ ಮಾಡಿದ್ದರೆ ಅರ್ಧ ಚರಿತ್ರೆ ತಪ್ಪಿಹೋಗುತ್ತಿತ್ತು. ಚಿಕ್ಕ ಅಲಗಿನ ಬುಡದಲ್ಲೂ ರಾಜರ್ಸ್ ಹೆಸರೇ ಇದೆ. ಆದರೆ ಕಿರೀಟದ ಎಡಬಲಕ್ಕೆ ಇರುವ ಅಕ್ಷರಗಳು ಜಿ ಮತ್ತು ಆರ್. ಕೆಳಗಿನ ಸಾಲಿನಲ್ಲಿ ಶೆಫೀಲ್ಡ್, ಅದರ ಮುಂದೆ ಇಂಗ್ಲೆಂಡ್.

ಜಿ ಆರ್ ಎಂದರೆ ಜಾರ್ಜ್ ದೊರೆ. ಯಾವ ಜಾರ್ಜ್ ಎಂಬುದು ಪ್ರಶ್ನೆ. ನಾಲ್ಕನೇ ಜಾರ್ಜ್ 1820ರಿಂದ 1830ರವರೆಗೆ ಆಳಿದ, ಐದನೆಯವನು 1910ರಿಂದ 1936ರವರೆಗೆ, ಆರನೆಯವನು 1936ರ ಕೊನೆಯಿಂದ 1952ರವರೆಗೆ. ನಾಲ್ಕನೆಯವನೆಂದು ಹೇಳಿದರೆ ಚಿಕ್ಕ ಅಲಗು ದೊಡ್ಡದಕ್ಕಿಂತ ಹಳೆಯದಾಗಿಬಿಡುತ್ತದೆ. ಮನೆಯವರ ಕಣ್ಣು ಒಮ್ಮೆ ಹೊಳೆದದ್ದೂ ಅದಕ್ಕೇ. ಆದರೆ ಇಂಗ್ಲೆಂಡ್ ಎಂಬ ಹೆಸರು ಅದಕ್ಕೆ ಅಡ್ಡ ಬರುತ್ತದೆ. 1820ರ ದಶಕದಲ್ಲಿ ಶೆಫೀಲ್ಡಿನ ಚಾಕಿನ ಬುಡದಲ್ಲಿ ದೇಶದ ಹೆಸರು ಒತ್ತುವ ಕಾರಣವೇ ಇರಲಿಲ್ಲ. ಹಾಗಾಗಿ ಇದು ಐದನೇ ಅಥವಾ ಆರನೇ ಜಾರ್ಜ್‌ನ ಕಾಲದ್ದು: 1910ರ ನಂತರ, 1952ರ ಆಸುಪಾಸಿನೊಳಗೆ.

ಉಕ್ಕು ಕೂಡ ಇದಕ್ಕೆ ಹೊಂದುತ್ತದೆ. ಎರಡೂ ಅಲಗುಗಳು ತುಕ್ಕು ಹಿಡಿಯುವ ಇಂಗಾಲದ ಉಕ್ಕಿನವು. ಅವುಗಳ ಮೇಲೆ ಹಣ್ಣಿನ ಹುಳಿ, ಅಡಿಕೆಯ ಚೊಗರು, ಕೈ ಬೆವರು ಸೇರಿ ಮೂಡಿಸಿದ ಬೂದುನೀಲಿ ಬಣ್ಣವಿದೆ. ತುಕ್ಕು ಹಿಡಿಯದ ಉಕ್ಕನ್ನು ಹ್ಯಾರಿ ಬ್ರಿಯರ್ಲಿ ಎರಕ ಹೊಯ್ದದ್ದು 1913ರಲ್ಲಿ, ಅದೂ ಶೆಫೀಲ್ಡಿನಲ್ಲೇ. ಮೊದಲ ಮಹಾಯುದ್ಧ ಮುಗಿದ ಮೇಲೆ ಆ ಉಕ್ಕು ಚಾಕುಗಳಿಗೆ ನಿಧಾನವಾಗಿ ಬಂದಿತು, ಬಂದಾಗ ತಯಾರಕರು ಅದನ್ನು ಹೆಮ್ಮೆಯಿಂದ ಅಲಗಿನ ಮೇಲೆಯೇ ಬರೆದರು. ಇಂಗಾಲದ ಉಕ್ಕು ಮಾತ್ರ ಆಮೇಲೂ ನಿಲ್ಲಲಿಲ್ಲ. ಆದ್ದರಿಂದ ಇದರಿಂದ ಚಿಕ್ಕ ಅಲಗಿನ ಕಾಲವನ್ನು ಇನ್ನಷ್ಟು ಕಿರಿದಾಗಿಸಲು ಆಗುವುದಿಲ್ಲ; ವಿರೋಧ ಏನೂ ಇಲ್ಲ ಎಂದಷ್ಟೇ ಹೇಳಬಹುದು.

ಒಂದೇ ಚಾಕಿನಲ್ಲಿ ವಿಕ್ಟೋರಿಯಾ ಮತ್ತು ಜಾರ್ಜ್ ಇಬ್ಬರೂ ಇರುವುದಕ್ಕೆ ಎರಡು ವಿವರಣೆ ಸಾಧ್ಯ. ಕಾರ್ಖಾನೆಯಲ್ಲೇ ಹಳೆಯ ಅಲಗು ಉಳಿದಿದ್ದು ಹೊಸದರ ಜೊತೆ ಜೋಡಣೆಯಾಗಿರಬಹುದು. ಅಥವಾ ಚಿಕ್ಕ ಅಲಗು ಮುರಿದು, ಬೇರೊಂದು ಚಾಕಿನ ಅಲಗನ್ನು ಇದಕ್ಕೆ ಕೂರಿಸಿರಬಹುದು. ಇಬ್ಬರ ನಡುವೆ ಏಳನೇ ಎಡ್ವರ್ಡನ ಆಳ್ವಿಕೆಯೇ ಪೂರ್ತಿ ಇದೆ, 1901ರಿಂದ 1910ರವರೆಗೆ. ಅಷ್ಟು ವರ್ಷ ಅಲಗು ಕಾರ್ಖಾನೆಯಲ್ಲಿ ಬಿದ್ದಿತ್ತೆಂಬುದು ಕಷ್ಟದ ಮಾತು. ಆದರೂ ಊಹೆಯಿಂದ ತೀರ್ಮಾನ ಬೇಡ. ಚಾಕಿನ ಮೈಯನ್ನೇ ಕೇಳಿದರೆ ಉತ್ತರವಿದೆ.

ಒಳ್ಳೆಯ ಶೆಫೀಲ್ಡ್ ಕಸುಬುದಾರ ಅಲಗು ತಿರುಗುವ ಮೊಳೆಯನ್ನು ತುದಿಕವಚದ ಲೋಹದಿಂದಲೇ ಮಾಡಿ, ಬಡಿದು ಹರಡಿ, ಸಮನಾಗಿ ಉಜ್ಜುತ್ತಿದ್ದ. ಕೆಲಸ ಮುಗಿದ ಮೇಲೆ ಮೊಳೆ ಎಲ್ಲಿದೆ ಎಂದು ಹುಡುಕಿದರೂ ಸಿಗಬಾರದು. ದೊಡ್ಡ ಅಲಗಿನ ಕಡೆ ಹಾಗೆಯೇ ಇದೆ, ಭೂತಗನ್ನಡಿಯಲ್ಲೂ ಮೊಳೆಯ ಅಂಚು ಕಾಣುವುದಿಲ್ಲ. ಚಿಕ್ಕ ಅಲಗಿನ ಕಡೆ ಕವಚದ ನಡುವೆ ಕಬ್ಬಿಣದ ಮೊಳೆಯ ಕಪ್ಪು ಚುಕ್ಕೆ ಎದ್ದು ಕಾಣುತ್ತದೆ, ಸುತ್ತ ಸುತ್ತಿಗೆಯ ಏಟುಗಳ ಗುರುತು. ಚಿಕ್ಕ ಅಲಗಿನ ಬುಡ ಸ್ಪ್ರಿಂಗಿಗಿಂತ ತೆಳ್ಳಗಿದೆ. ಅದು ಅಲುಗಾಡದಂತೆ ಸಂದಿಗೆ ಹಿತ್ತಾಳೆಯ ತಗಡಿನ ಚೂರೊಂದನ್ನು ಕತ್ತರಿಸಿ ಹಾಕಿದ್ದಾರೆ. ಮಡಚಿದಾಗ ಅದರ ತುದಿ ಒಳಗೆ ಸರಿಯಾಗಿ ಕೂರಲೆಂದು ಬುಡದ ಅಂಚನ್ನು ಅರದಿಂದ ತಿಕ್ಕಿದ್ದಾರೆ. ಇನ್ನು ಸವೆತ. ದೊಡ್ಡ ಅಲಗು ಇಷ್ಟು ಕರಗಿರುವಾಗ ಅದೇ ಕಾಲದಿಂದ ಜೊತೆಗಿದ್ದ ಚಿಕ್ಕದು ಹೊಸದರಂತೆ ಉಳಿಯುವುದು ಅಪರೂಪ. ಇವೆಲ್ಲವೂ ಸೇರಿದಾಗ ಸಂಶಯ ಉಳಿಯುವುದಿಲ್ಲ: ಚಿಕ್ಕ ಅಲಗು ನಂತರ ಕೂರಿಸಿದ್ದು, ಕೂರಿಸಿದವನು ಶೆಫೀಲ್ಡಿನವನಲ್ಲ.

ಇಲ್ಲಿಯ ಯಾವುದೋ ಕಮ್ಮಾರನೋ ಅಕ್ಕಸಾಲಿಯೋ ಮಾಡಿದ ಕೆಲಸವಿದು ಎಂದು ನನ್ನ ಅಂದಾಜು. ಆತನ ಕೈಗೆ ಒಳ್ಳೆಯ ಸಲಕರಣೆ ಇರಲಿಲ್ಲ, ಆದರೆ ತಿಳಿವಳಿಕೆ ಇತ್ತು. ಸಂದಿಗೆ ತಗಡು ಹಾಕಬೇಕೆಂದು ಹೊಳೆಯುವುದು ಯಂತ್ರದ ನಡೆ ಬಲ್ಲವನಿಗೆ ಮಾತ್ರ. ಮತ್ತೊಂದು ಸಂಗತಿ ನನ್ನನ್ನು ಬಹಳ ಸೆಳೆಯಿತು: ಬದಲಿ ಅಲಗನ್ನೂ ಅದೇ ತಯಾರಕರದ್ದನ್ನೇ ಹುಡುಕಿ ಹಾಕಿದ್ದಾರೆ. ಯಾವುದಾದರೊಂದು ಅಗ್ಗದ ಅಲಗು ಹಾಕಬಹುದಿತ್ತು. 1910ರ ನಂತರ ಎಂದೋ ಈ ಮನೆಯಲ್ಲಿ ಅಥವಾ ಹತ್ತಿರದಲ್ಲಿ ಇನ್ನೊಂದು ರಾಜರ್ಸ್ ಚಾಕು ಮುರಿದಿತ್ತು, ಅದರ ಅಲಗು ಇದಕ್ಕೆ ಬಂತು ಎಂದು ತಿಳಿಯುವುದು ಸಹಜ. ದುರಸ್ತಿಯನ್ನು ಕಳಂಕವೆಂದು ಬರೆದಿಡುವ ಸಂಗ್ರಾಹಕರಿದ್ದಾರೆ. ಮಾರುಕಟ್ಟೆಯಲ್ಲಿ ಬೆಲೆಯೂ ಇಳಿಯುತ್ತದೆ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಈ ಚಾಕಿನ ಅತ್ಯಂತ ಅಮೂಲ್ಯ ಭಾಗವೇ ಆ ಒರಟು ಮೊಳೆ. ಶೆಫೀಲ್ಡಿನಲ್ಲಿ ಹುಟ್ಟಿದ ಚಾಕು ಕೊಡಗಿನಲ್ಲಿ ಬದುಕಿತ್ತು ಎಂಬುದಕ್ಕೆ ಬಾಯಿಮಾತಲ್ಲದ ಸಾಕ್ಷಿ ಅದೊಂದೇ.

ಕೊಂಬು

ಹಿಡಿಯ ಹಲ್ಲೆಗಳು ಏನೆಂದು ತಿಳಿಯುವುದು ಕಾಲನಿರ್ಣಯಕ್ಕೂ ಬೇಕು, ಕಾನೂನಿಗೂ ಬೇಕು. ಹಳೆಯ ಚಾಕುಗಳ ಹಿಡಿಗೆ ದನದ ಮೂಳೆ, ಎಮ್ಮೆಯ ಕೊಂಬು, ದಂತ, ಮುತ್ತಿನ ಚಿಪ್ಪು, ಕರಿಮರ, ಜಿಂಕೆ ಜಾತಿಯ ಕವಲುಗೊಂಬು ಹೀಗೆ ಹಲವು ಬಗೆ. ದನದ ಮೂಳೆಯನ್ನು ಕೊರೆದು, ಬಣ್ಣ ಹಾಕಿ, ಕವಲುಗೊಂಬಿನಂತೆ ತೋರುವ ಹಾಗೆ ಮಾಡುವುದು ಬಹು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತು. ಅಲ್ಲಿ ಗೀರುಗಳು ಒಂದೇ ಆಳ, ಒಂದೇ ಅಂತರ, ಕೈ ಬಿದ್ದ ಲಯದಲ್ಲಿ ಇರುತ್ತವೆ. 1870ರ ಸುಮಾರಿಗೆ ಬಂದ ಸೆಲ್ಯುಲಾಯ್ಡ್ ಮುಂದಿನ ದಶಕಗಳಲ್ಲಿ ಎಲ್ಲದರ ವೇಷವನ್ನೂ ಹಾಕಿತು. ಅದರಲ್ಲಿ ಎರಡೂ ಬದಿಯ ವಿನ್ಯಾಸ ಅನುಮಾನ ಬರುವಷ್ಟು ಒಂದೇ ಥರ ಇರುತ್ತದೆ. ಇದನ್ನು ಪರೀಕ್ಷಿಸಲು ಕಾದ ಸೂಜಿ ಚುಚ್ಚಿ ನೋಡಿ ಎಂಬ ಸಲಹೆ ಇಂದಿಗೂ ಬಾಯಿಂದ ಬಾಯಿಗೆ ಹರಿದಾಡುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಸೆಲ್ಯುಲಾಯ್ಡ್ ಧಗ್ಗನೆ ಹೊತ್ತಿಕೊಳ್ಳುವ ವಸ್ತು. ಕೊಂಬಾಗಿದ್ದರೆ ವಾಸಿಯಾಗದ ಕಲೆ ಉಳಿಯುತ್ತದೆ.

ಇಲ್ಲಿಯ ಹಲ್ಲೆಗಳು ಎರಡೂ ಬೇರೆ ಬೇರೆ ಬಗೆಯಾಗಿ ಒರಟಾಗಿವೆ. ತೊಗಟೆಯ ಏಣುಗಳು ಎಲ್ಲೋ ದಪ್ಪ, ಎಲ್ಲೋ ಬೆರಳು ತಾಗಿ ತಾಗಿ ನುಣುಪು. ತುದಿಯ ಕತ್ತರಿಸಿದ ಮೈಯನ್ನು ಗಾಜಿನಡಿ ನೋಡಿದರೆ ಮೂಳೆಯ ಸಣ್ಣ ರಂಧ್ರಗಳು ಕಾಣುತ್ತವೆ. ಎಮ್ಮೆಯ ಕೊಂಬು ಉಗುರಿನಂಥ ವಸ್ತು, ಪದರ ಪದರವಾಗಿ ಏಳುತ್ತದೆ. ಕವಲುಗೊಂಬು ಹಾಗಲ್ಲ, ಅದು ಮೂಳೆಯೇ. ದಪ್ಪ, ಗಟ್ಟಿತನ, ಏಣುಗಳ ಒರಟುತನ ಎಲ್ಲವೂ ಕಡವೆಯ ಕೊಂಬಿನತ್ತ ಬೆರಳು ಮಾಡುತ್ತವೆ.

ಕಡವೆ ನಮ್ಮ ಪಶ್ಚಿಮ ಘಟ್ಟದ ಕಾಡಿನ ಪ್ರಾಣಿ, ಕೊಡಗಿನವರಿಗೆ ಅದರ ಪರಿಚಯ ಮಾಡಿಕೊಡಬೇಕಿಲ್ಲ. ಗಂಡು ಕಡವೆ ತನ್ನ ಕೊಂಬನ್ನು ಉದುರಿಸಿ ಮತ್ತೆ ಬೆಳೆಸಿಕೊಳ್ಳುತ್ತದೆ. ಯುರೋಪಿನ ಜಿಂಕೆಗಳ ಕೊಂಬಿನ ನಡುವೆ ಮೆತ್ತನೆಯ ತಿರುಳು ಹೆಚ್ಚು, ಕಡವೆಯದರಲ್ಲಿ ಗಟ್ಟಿ ಗೋಡೆ ಹೆಚ್ಚು. ಚಾಕಿನ ಹಲ್ಲೆಗೆ ಬೇಕಾದದ್ದು ಆ ಗೋಡೆಯೇ. ಆದ್ದರಿಂದ ಶೆಫೀಲ್ಡಿನ ಹಿಡಿ ಮಾಡುವವರು ಭಾರತದ ಕಡವೆ ಕೊಂಬನ್ನು ತರಿಸಿಕೊಳ್ಳುತ್ತಿದ್ದರು; ಈ ವ್ಯಾಪಾರ ಸ್ವಾತಂತ್ರ್ಯದ ನಂತರವೂ ದಶಕಗಳ ಕಾಲ ನಡೆದು, ಭಾರತ ಸರ್ಕಾರ ರಫ್ತನ್ನು ನಿಷೇಧಿಸುವವರೆಗೂ ಮುಂದುವರಿಯಿತು. ಹೀಗೆ ಈ ಚಾಕಿನ ಹಿಡಿ ಒಮ್ಮೆ ಭಾರತದಿಂದ ಹಡಗೇರಿ ಹೋಗಿ, ಅಲಗು ಕಟ್ಟಿಕೊಂಡು ಮತ್ತೆ ಭಾರತಕ್ಕೆ ಬಂದಿರಬಹುದು. ಯಾವ ಕಾಡಿನ ಕಡವೆ ಎಂದು ಹೇಳುವ ದಾರಿ ಇಲ್ಲ, ಕೊಡಗಿನದ್ದೇ ಎಂದು ಬರೆಯಲು ಮನಸ್ಸಾದರೂ ಬರೆಯಬಾರದು.

ಉಳಿದ ಭಾಗಗಳನ್ನು ಬೇಗ ದಾಟಬಹುದು. ತುದಿಕವಚಗಳ ಬಿಳಿಲೋಹ ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. 1830ರ ದಶಕದಿಂದ ಶೆಫೀಲ್ಡಿನಲ್ಲಿ ಬಳಕೆಗೆ ಬಂದದ್ದು, ವಿಕ್ಟೋರಿಯಾ ಕಾಲಕ್ಕೆ ಹೊಂದುತ್ತದೆ. ಹಿತ್ತಾಳೆಯ ಒಳಗೋಡೆಯೂ ಹಾಗೆಯೇ. ಎರಡೂ ಹಲ್ಲೆಗಳ ಮೊಳೆಗಳು ಅಲುಗಾಡಿದ ಲಕ್ಷಣವಿಲ್ಲ, ಹಿಡಿ ಮೂಲದ್ದೇ.

ನಕಲಿಯ ಪ್ರಶ್ನೆ ಎತ್ತದಿದ್ದರೆ ವರದಿ ಪೂರ್ಣವಾಗದು. ರಾಜರ್ಸ್ ಹೆಸರಿನ ನಕಲು 19ನೇ ಶತಮಾನದಲ್ಲೇ ಧಾರಾಳವಾಗಿತ್ತು. ಒಂದು ಅಕ್ಷರ ಬಿಟ್ಟು, ಮೊದಲ ಹೆಸರನ್ನು ಬದಲಿಸಿ, ನಕ್ಷತ್ರದ ಪಕ್ಕ ಶಿಲುಬೆಯನ್ನು ಹೋಲುವ ಇನ್ನೇನನ್ನೋ ಇಟ್ಟು ಮಾರುತ್ತಿದ್ದರು. ಅದೇ ಅಡ್ಡಹೆಸರಿನ ಬೇರೆ ಪ್ರಾಮಾಣಿಕ ತಯಾರಕರೂ ಇದ್ದರು. ಇದರ ಜೊತೆಗೆ, ಜೋಸೆಫ್ ರಾಜರ್ಸ್ ಹೆಸರೂ ಗುರುತೂ ಕೈಯಿಂದ ಕೈಗೆ ಸಾಗಿ ಇಂದಿಗೂ ಬಳಕೆಯಲ್ಲಿವೆ. 1971ರಲ್ಲಿ ಕಂಪನಿ ತನ್ನ ಹಳೆಯ ಪ್ರತಿಸ್ಪರ್ಧಿ ಜಾರ್ಜ್ ವೊಸ್ಟೆನ್‌ಹೋಮ್ ಸಂಸ್ಥೆಯನ್ನು ಕೊಂಡಿತು, ಆಮೇಲೆ ಒಡೆತನಗಳು ಬದಲಾದವು, ನಕ್ಷತ್ರ ಶಿಲುಬೆಯಿರುವ ಹೊಸ ಚಾಕುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ನಕ್ಷತ್ರ ಕಂಡ ಮಾತ್ರಕ್ಕೆ ಹಳೆಯದೆಂದು ಹಣ ಕೊಡಬಾರದು. ಈ ಚಾಕಿನಲ್ಲಿ ಹೆಸರಿನ ಅಕ್ಷರಗಳು ಸರಿಯಾಗಿವೆ, ಅಚ್ಚು ಚೂಪಾಗಿ ಆಳವಾಗಿ ಬಿದ್ದಿದೆ. ಬುಡದ ಮುದ್ರೆಯ ಗುಳಿಗಳೊಳಗೂ ಸುತ್ತಲೂ ಒಂದೇ ವಯಸ್ಸಿನ ಕಪ್ಪಿದೆ. ಹಳೆಯ ಅಲಗಿನ ಮೇಲೆ ಹೊಸದಾಗಿ ಮುದ್ರೆ ಒತ್ತಿದ್ದರೆ ಗುಳಿಯೊಳಗಿನ ಲೋಹ ಬೇರೆ ಬಣ್ಣ ತೋರಿಸುತ್ತಿತ್ತು.

1857ರ ಮಾತು

ಇನ್ನು ಮನೆಯ ಹಿರಿಯರ ಮಾತಿಗೆ ಬರುತ್ತೇನೆ. ಕುಟುಂಬದ ನೆನಪನ್ನು ಅಜ್ಜಿಕಥೆಯೆಂದು ತಳ್ಳುವುದು ನನಗೆ ಒಪ್ಪಿಗೆಯಿಲ್ಲ, ಹಾಗೆಯೇ ಅದನ್ನು ಮುದ್ರೆಯ ಮಟ್ಟಕ್ಕೆ ಏರಿಸುವುದೂ ಇಲ್ಲ. ಅದನ್ನು ಬೇರೆ ಸಾಲಿನಲ್ಲಿ, ಹೇಳಿದವರ ಮಾತಿನಲ್ಲೇ ಬರೆದಿಡಬೇಕು. ಆಮೇಲೆ ಉಳಿದ ಸಾಕ್ಷಿಗಳ ಜೊತೆ ಹೋಲಿಸಬೇಕು.

ಕೊಡಗು 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕೈಗೆ ಹೋಯಿತು. ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ಆರಂಭವಾದದ್ದು 1854ರಲ್ಲಿ, ಫೌಲರ್ ಎಂಬುವನಿಂದ. 1857ರ ಹೊತ್ತಿಗೆ ಅಲ್ಲಿ ಬಿಳಿಯ ತೋಟಗಾರರು ಇನ್ನೂ ಬೆರಳೆಣಿಕೆಯವರು, ಆದರೆ ಇದ್ದರು. ವಿಕ್ಟೋರಿಯಾ ಮುದ್ರೆಯ ರಾಜರ್ಸ್ ಚಾಕು ಆ ವರ್ಷ ಅಂಥವನ ಕಿಸೆಯಲ್ಲಿ ಇರುವುದು ಅಸಾಧ್ಯವಲ್ಲ. ಹಾಗೆಂದು ಅದು ಸಿದ್ಧವೂ ಆಗಲಿಲ್ಲ. 1857ರಂಥ ಇಸವಿಗಳು ಕುಟುಂಬದ ನೆನಪುಗಳನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಮುಂದಿನ ದಶಕಗಳಲ್ಲಿ ಕೊಡಗಿನಲ್ಲಿ ತೋಟಗಳು ಹೆಚ್ಚಿದವು, ಹಾಗೆಯೇ ಇಂಥ ಚಾಕುಗಳು ಬರುವ ಅವಕಾಶವೂ. ದಾಖಲೆ ಏನೂ ಇಲ್ಲದಿರುವಾಗ ನಾನು 19ನೇ ಶತಮಾನದ ಉತ್ತರಾರ್ಧವೇ ಹೆಚ್ಚು ಸಂಭವ ಎಂದು ಒಲಿಯುತ್ತೇನೆ, ಅದೂ ಸಂಭವ ಎಂಬ ಮಾತಿನೊಂದಿಗೆ. ಫಲಕದ ಮೇಲೆ ದೊರೆಯ ಹೆಸರಿನ ಮೊದಲಕ್ಷರಗಳಾದರೂ ಇದ್ದಿದ್ದರೆ ತೋಟಗಳ ಹಳೆಯ ದಾಖಲೆಗಳಲ್ಲಿ ಹುಡುಕಬಹುದಿತ್ತು. ಕೆಲವರು ಈಗ ಅದರ ಮೇಲೆ ಹೆಸರು ಕೆತ್ತಿಸೋಣವೇ ಎಂದು ಕೇಳಿದರು; ಬೇಡವೇ ಬೇಡ ಎಂದೆ. ಖಾಲಿ ಫಲಕ ಒಂದು ಸತ್ಯ, ಅದರ ಮೇಲೆ ಇಂದು ಕೆತ್ತಿದ ಹೆಸರು ಮುಂದಿನವರಿಗೆ ಸುಳ್ಳು.

ಮನೆಯವರು ಆಮೇಲೆ ಕೇಳಿದ್ದು ಎರಡು ಪ್ರಶ್ನೆ: ಚಿಕ್ಕ ಅಲಗನ್ನು ತೆಗೆದು ವಿಕ್ಟೋರಿಯಾ ಕಾಲದ್ದೇ ಹಾಕಿಸಬಹುದೇ? ಮಾರಬಹುದೇ?

ಮೊದಲನೆಯದಕ್ಕೆ ನನ್ನ ಉತ್ತರ ಖಂಡಿತ ಬೇಡ ಎಂದು. ಈಗಿನದ್ದು ಪ್ರಾಮಾಣಿಕ ದುರಸ್ತಿ, ತನ್ನ ಗುರುತನ್ನು ಮುಚ್ಚಿಡದ ದುರಸ್ತಿ. ಅದರ ಬದಲು ಹಳೆಯ ಅಲಗು ತಂದು ನಯವಾಗಿ ಕೂರಿಸಿದರೆ ಆಗುವುದು ನಕಲಿ. ಎರಡನೆಯದಕ್ಕೆ ಕಾನೂನು ನೋಡಬೇಕು. ದಂತದ ವ್ಯಾಪಾರ ಭಾರತದಲ್ಲಿ ಪೂರ್ತಿ ನಿಷಿದ್ಧ. ಇದು ದಂತವಲ್ಲದಿದ್ದರೂ ಕಾಡುಪ್ರಾಣಿಯ ಕೊಂಬಿನಿಂದಾದ ವಸ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅರಣ್ಯ ಇಲಾಖೆಯನ್ನು ವಿಚಾರಿಸದೆ ಕೈ ಬದಲಾಯಿಸಬಾರದು. ನೂರು ವರ್ಷ ದಾಟಿದ ವಸ್ತುಗಳಿಗೆ ಅದೇ 1972ರ ಪುರಾವಸ್ತು ಕಾಯ್ದೆಯೂ ಅನ್ವಯಿಸಬಹುದು, ಆದ್ದರಿಂದ ಹೊರದೇಶದ ಕೊಳ್ಳುಗನಿಗೆ ಅಂಚೆಯಲ್ಲಿ ಕಳಿಸುವ ಯೋಚನೆ ಮಾಡಬಾರದು. ಅವರು ಮಾರುವ ಮಾತನ್ನು ಅಲ್ಲಿಗೇ ಬಿಟ್ಟರು.

ಕಾಪಾಡುವ ವಿಷಯದಲ್ಲಿ ಕೊಡಗಿನ ಮಳೆಗಾಲವೇ ದೊಡ್ಡ ಸವಾಲು. ಕೆಂಪು ತುಕ್ಕು ಬೆಳೆಯುವ ತುಕ್ಕು, ಅದನ್ನು ಎಣ್ಣೆಯಲ್ಲಿ ನೆನೆಸಿ ಬಿದಿರಿನ ಕಡ್ಡಿಯಿಂದ ಕೆರೆದು ತೆಗೆಯಬೇಕು. ಕಪ್ಪುಬೂದು ಛಾಯೆ ಕಾವಲಿನ ಪದರ, ಅದನ್ನು ಮುಟ್ಟಬಾರದು. ಹಿತ್ತಾಳೆಯ ಬಳಿ ಕೂಡುವ ಹಸಿರು ಕಿಲುಬನ್ನು ಒರೆಸಬೇಕು. ಚರ್ಮದ ಚೀಲದಲ್ಲಿ ಇಡಲೇಬಾರದು, ಚರ್ಮ ತೇವವನ್ನೂ ಹದ ಮಾಡಿದ ರಾಸಾಯನಿಕವನ್ನೂ ಹಿಡಿದಿಟ್ಟು ಲೋಹಕ್ಕೆ ಕೊಡುತ್ತದೆ. ಖನಿಜ ಎಣ್ಣೆಯ ತೆಳು ಲೇಪ, ಹತ್ತಿಬಟ್ಟೆ, ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣ, ಮುಚ್ಚಳವಿರುವ ಡಬ್ಬಿ ಇಷ್ಟು ಸಾಕು. ಅಡುಗೆಯ ಎಣ್ಣೆ ಹಚ್ಚಬಾರದು, ಅದು ಅಂಟಾಗಿ ಸ್ಪ್ರಿಂಗನ್ನೇ ಕಟ್ಟಿಹಾಕುತ್ತದೆ. ಅಲಗನ್ನು ಪದೇ ಪದೇ ತೆರೆದು ಮುಚ್ಚಿ ನೆಂಟರಿಗೆ ತೋರಿಸುವುದೂ ಬೇಡ. ನೂರು ವರ್ಷದ ಸ್ಪ್ರಿಂಗ್ ಒಂದು ದಿನ ಮುರಿದರೆ ಅದನ್ನು ಸರಿಮಾಡುವವರು ವಿರಳ.

ಡಬ್ಬಿಯೊಳಗೆ ಇಡಲು ನಾನು ಬರೆದುಕೊಟ್ಟ ಚೀಟಿ ಇದು:

“ಮಡಚುವ ಚಾಕು, ಎರಡು ಅಲಗು. ತಯಾರಕರು: ಜೋಸೆಫ್ ರಾಜರ್ಸ್ ಅಂಡ್ ಸನ್ಸ್, ಶೆಫೀಲ್ಡ್. ಒಡಲು ಮತ್ತು ದೊಡ್ಡ ಅಲಗು: 1837ರಿಂದ ಸುಮಾರು 1901ರೊಳಗೆ, ವಿಕ್ಟೋರಿಯಾ ಮುದ್ರೆಯ ಆಧಾರದಿಂದ, ಉತ್ತರಾರ್ಧ ಹೆಚ್ಚು ಸಂಭವ. ಚಿಕ್ಕ ಅಲಗು: ಅದೇ ತಯಾರಕರದ್ದು, ಜಾರ್ಜ್ ಮುದ್ರೆ ಮತ್ತು ಇಂಗ್ಲೆಂಡ್ ಹೆಸರಿನ ಆಧಾರದಿಂದ 1910ರಿಂದ ಸುಮಾರು 1952ರೊಳಗೆ, ನಂತರ ಸ್ಥಳೀಯವಾಗಿ ಕೂರಿಸಿದ್ದು, ಕಬ್ಬಿಣದ ಮೊಳೆ, ಹಿತ್ತಾಳೆ ತಗಡು. ಹಿಡಿ: ಕವಲುಗೊಂಬು, ಬಹುಶಃ ಕಡವೆಯದು, ಮೂಲದ್ದು. ಫಲಕ ಖಾಲಿ. ಕುಟುಂಬದ ಮಾತು: 1857ರಲ್ಲಿ ತೋಟದ ದೊರೆಯಿಂದ ಬಂದ ಉಡುಗೊರೆ, ವಸ್ತುಸಾಕ್ಷಿ ಇದನ್ನು ಅಲ್ಲಗಳೆಯುವುದಿಲ್ಲ, ಸಾಧಿಸುವುದೂ ಇಲ್ಲ.”

ಮನೆಯ ಹಿರಿಯರಿಗೆ ಕೊನೆಯ ಸಾಲು ಅಷ್ಟಾಗಿ ಹಿಡಿಸಲಿಲ್ಲ. ಆದರೆ ಚಿಕ್ಕ ಅಲಗನ್ನು ಕೂರಿಸಿದ್ದು ಯಾರಿರಬಹುದು ಎಂದು ಅವರೇ ಈಗ ನೆಂಟರಿಷ್ಟರಲ್ಲಿ ವಿಚಾರಿಸತೊಡಗಿದ್ದಾರೆ. ಏನಾದರೂ ಹೆಸರು ಸಿಕ್ಕರೆ ಚೀಟಿಯಲ್ಲಿ ಅದಕ್ಕೆ ಜಾಗ ಬಿಟ್ಟಿದ್ದೇನೆ.